ಸುಗಿ ಗುಡ್ಡದಿಂದ ಕಂದು ಪುಡಿಯವರೆಗೆ

ಮಾರ್ಚ್ ತಿಂಗಳ ಬೆಳಗು, ಒಣ ಬಿಸಿಲು. ಟೋಕಿಯೋದ ಈಶಾನ್ಯಕ್ಕಿರುವ ಇಬರಾಕಿ ಪ್ರಾಂತ್ಯದ ಉತ್ತರ ಭಾಗ. ಗದ್ದೆ ಮುಗಿದು ಗುಡ್ಡ ಶುರುವಾಗುವ ಜಾಗದಲ್ಲಿ ನಿಂತಿದ್ದೀರಿ. ಗಾಳಿ ಒಮ್ಮೆ ಜೋರಾಗಿ ಬೀಸುತ್ತದೆ, ಎದುರಿನ ಇಳಿಜಾರು ಹೊಗೆಯಾಡತೊಡಗುತ್ತದೆ. ಕಾಡಿಗೆ ಬೆಂಕಿ ಬಿತ್ತೇನೋ ಎಂದು ಎದೆ ಧಸಕ್ಕೆನ್ನುತ್ತದೆ. ಊರಿನವರು ತಲೆ ಎತ್ತಿಯೂ ನೋಡುವುದಿಲ್ಲ, ಮಾಸ್ಕನ್ನು ಮೂಗಿನ ಮೇಲೆ ಇನ್ನಷ್ಟು ಎಳೆದುಕೊಳ್ಳುತ್ತಾರೆ. ಅದು ಸುಗಿ ಎಂಬ ಸೂಜಿಯೆಲೆಯ ಮರಗಳ ಪರಾಗ. ತಿಳಿ ಹಳದಿ ಪುಡಿ ಮೋಡವಾಗಿ ಎದ್ದು, ಗದ್ದೆ ದಾಟಿ, ರಸ್ತೆ ದಾಟಿ ನಿಮ್ಮ ಕಣ್ಣು ಮೂಗಿಗೆ ಬಂದು ಸೇರುತ್ತದೆ. ವಸಂತದಲ್ಲಿ ಜಪಾನಿನ ಕೋಟ್ಯಂತರ ಜನ ಸೀನುತ್ತಾ, ಕಣ್ಣು ಉಜ್ಜಿಕೊಳ್ಳುತ್ತಾ ದಿನ ದೂಡುವುದು ಇದರಿಂದಲೇ.

ರಸ್ತೆ ಬಿಟ್ಟು ಒಳಗೆ ಹೋಗಿ. ಹೆಜ್ಜೆ ಇಟ್ಟ ಕೂಡಲೇ ಬೆಳಕು ಕುಂದುತ್ತದೆ. ನೇರವಾದ ಕಾಂಡಗಳು ಒಂದರ ಪಕ್ಕ ಒಂದು, ಎಲ್ಲವೂ ಹೆಚ್ಚುಕಡಿಮೆ ಒಂದೇ ವಯಸ್ಸಿನವು. ಕೆಂಗಂದು ತೊಗಟೆ ಉದ್ದುದ್ದ ಪಟ್ಟಿಯಾಗಿ ಸುಲಿಯುತ್ತದೆ. ಪೊದೆ ಕಡಿಮೆ, ಹಕ್ಕಿಯ ದನಿಯೂ ಕಡಿಮೆ. ನಮ್ಮ ಮಲೆನಾಡಿನ ಅಕೇಶಿಯಾ ತೋಪಿನಲ್ಲಿ ನಡೆದವರಿಗೆ ಈ ಮೌನದ ಪರಿಚಯವಿದೆ. ಮನುಷ್ಯರು ಸಾಲು ಹಿಡಿದು ನೆಟ್ಟ ಕಾಡು ಇದು. ಎರಡನೇ ಮಹಾಯುದ್ಧ ಮುಗಿದಾಗ ಜಪಾನಿನ ಎಷ್ಟೋ ಗುಡ್ಡಗಳು ಬೋಳಾಗಿದ್ದವು, ಸುಟ್ಟ ನಗರಗಳಿಗೆ ಮನೆ ಕಟ್ಟಲು ಮರ ಬೇಕಿತ್ತು. 1950 ಮತ್ತು 60ರ ದಶಕಗಳಲ್ಲಿ ಊರಿಗೆ ಊರೇ ಗುಡ್ಡ ಹತ್ತಿ ಸುಗಿ ಮತ್ತು ಹಿನೋಕಿ ಎಂಬ ಇನ್ನೊಂದು ಮರದ ಸಸಿ ನೆಟ್ಟಿತು. ಇಂದು ಆ ದೇಶದ ಸುಮಾರು ಎರಡೂವರೆ ಕೋಟಿ ಹೆಕ್ಟೇರ್ ಅರಣ್ಯದಲ್ಲಿ ಒಂದು ಕೋಟಿ ಹೆಕ್ಟೇರ್ ನೆಟ್ಟದ್ದು. ಅದರಲ್ಲಿ ಸುಗಿಯೊಂದೇ ಸುಮಾರು 44 ಲಕ್ಷ ಹೆಕ್ಟೇರ್.

ನೆಟ್ಟವರ ಲೆಕ್ಕ ತಪ್ಪಿಸಿದ್ದು ಮಾರುಕಟ್ಟೆ. 1964ರಲ್ಲಿ ಮರದ ಆಮದು ಮುಕ್ತವಾಯಿತು, ಹೊರದೇಶಗಳ ಅಗ್ಗದ ದಿಮ್ಮಿ ಬಂದರುಗಳಿಗೆ ಬಂದು ಬಿತ್ತು. 2002ರ ಹೊತ್ತಿಗೆ ಜಪಾನ್ ಬಳಸುವ ಮರದಲ್ಲಿ ಸ್ವದೇಶದ್ದು ಶೇ 18.8ಕ್ಕೆ ಇಳಿದಿತ್ತು. 1980ರಲ್ಲಿ ನಿಂತ ಸುಗಿ ಮರಕ್ಕೆ ಘನ ಮೀಟರಿಗೆ 22 ಸಾವಿರ ಯೆನ್ ದಾಟಿದ ಬೆಲೆಯಿತ್ತು, ಈಗ ಅದರ ಕಾಲು ಭಾಗವೂ ಸಿಗುವುದಿಲ್ಲ. ಅಜ್ಜ ನೆಟ್ಟ ಮರ ಕಡಿದರೆ ಕೂಲಿ ಹುಟ್ಟದು, ಕಡಿಯದಿದ್ದರೆ ಪರಾಗ. ಕೊನೆಗೆ 2023ರಲ್ಲಿ ಸರ್ಕಾರವೇ ಹತ್ತು ವರ್ಷಗಳಲ್ಲಿ ಸುಗಿ ತೋಪುಗಳನ್ನು ಸುಮಾರು ಶೇ 20ರಷ್ಟು ಕಡಿಮೆ ಮಾಡುವ ಗುರಿ ಹಾಕಿಕೊಂಡಿತು.

ಈಗ ಮೇಲಿನಿಂದ ಗರಗಸದ ಸದ್ದು ಕೇಳಿಸುತ್ತದೆ. ಒಂದು ಮರ ವಾಲಿ, ನೆರೆಯ ಕೊಂಬೆಗಳನ್ನು ತರಿದುಕೊಂಡು ನೆಲಕ್ಕೆ ಬೀಳುತ್ತದೆ, ಕಾಲಡಿಯ ಮಣ್ಣು ಅದುರುತ್ತದೆ. ಹತ್ತಿರ ಹೋದರೆ ಹಸಿ ಮರದ ತೀಕ್ಷ್ಣವಾದ, ತುಸು ಸಿಹಿಯಾದ ವಾಸನೆ. ಕಡಿದ ಜಾಗದಲ್ಲಿ ನಡುತಿರುಳು ನಸುಗೆಂಪು, ಹೊರ ಸುತ್ತು ಬಿಳಿ. ನೇರವಾದ ಕೆಳತುಂಡು ಕಂಬವಾಗಲು, ಹಲಗೆಯಾಗಲು ಹೋಗುತ್ತದೆ. ಮೇಲಿನ ಸಪೂರ ತುದಿ, ಡೊಂಕು ತುಂಡು, ಕೊಂಬೆಗಳಲ್ಲಿ ಎಷ್ಟೋ ಭಾಗ ಇಳಿಜಾರಿನಲ್ಲೇ ಉಳಿಯುತ್ತದೆ. ಸಾಮಿಲ್ಲಿಗೆ ಹೋದದ್ದರಲ್ಲೂ ತೊಗಟೆ, ಅಂಚು, ಹೊಟ್ಟು ಬೇರೆಯಾಗುತ್ತವೆ. 2012ರಲ್ಲಿ ನವೀಕರಿಸಬಹುದಾದ ವಿದ್ಯುತ್ತಿಗೆ ಖಾತರಿ ದರ ಜಾರಿಯಾದ ಮೇಲೆ ಇದರಲ್ಲಿ ಹೆಚ್ಚೆಚ್ಚು ಪಾಲು ಬಾಯ್ಲರಿನ ಬಾಯಿಗೆ ಹೋಗುತ್ತಿದೆ. ಕೊಳೆಯಲು ಬಿಡುವುದಕ್ಕಿಂತ ಅದು ವಾಸಿ, ಒಪ್ಪುತ್ತೇನೆ. ಆದರೆ ಅರವತ್ತು ವರ್ಷ ಬಿಸಿಲು ನೀರು ಉಂಡು ಮರ ಕಟ್ಟಿಕೊಂಡ ಅಷ್ಟು ಸೂಕ್ಷ್ಮವಾದ ಅಣುರಚನೆಯನ್ನು ಬರೀ ಶಾಖಕ್ಕೆಂದು ಸುಡುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಆ ರಚನೆಯನ್ನು ಉಳಿಸಿಕೊಂಡೇ ಬಳಸುವ ದಾರಿ ಇದೇ ಪ್ರಾಂತ್ಯದಲ್ಲಿ ಹುಟ್ಟಿದೆ. ಒಂದು ಚೀಲ ಹೊಟ್ಟು ತುಂಬಿಕೊಂಡು ದಕ್ಷಿಣಕ್ಕೆ ಹೋಗೋಣ.

ತ್ಸುಕುಬಾ ಸಂಶೋಧನಾಲಯಗಳ ಊರು. ಟೋಕಿಯೋದ ಅಕಿಹಬಾರಾದಿಂದ ವೇಗದ ರೈಲು ಮುಕ್ಕಾಲು ಗಂಟೆಯಲ್ಲಿ ಅಲ್ಲಿಗೆ ಮುಟ್ಟಿಸುತ್ತದೆ. ಆದರೆ ಅರಣ್ಯ ಮತ್ತು ಅರಣ್ಯೋತ್ಪನ್ನ ಸಂಶೋಧನಾ ಸಂಸ್ಥೆಗೆ ಹೋಗುವವರು ಸಾಮಾನ್ಯವಾಗಿ ಉಷಿಕು ನಿಲ್ದಾಣದಲ್ಲಿ ಇಳಿದು ಬಸ್ಸು ಹಿಡಿಯುತ್ತಾರೆ. 1905ರಲ್ಲಿ ಟೋಕಿಯೋದ ಮೆಗುರೊದಲ್ಲಿ ಆರಂಭವಾಗಿ 1978ರಲ್ಲಿ ಇಲ್ಲಿಗೆ ಬಂದ ಹಳೆಯ ಸಂಸ್ಥೆ ಇದು. ತತ್ಸುಹಿಕೊ ಯಮಾದಾ ಅವರ ತಂಡ ಸುಗಿಯಲ್ಲಿರುವ ಲಿಗ್ನಿನ್ ಎಂಬ ವಸ್ತುವಿನ ಮೇಲೆ ಕೆಲಸ ಮಾಡಿದ್ದು ಇಲ್ಲೇ. 2014ರಲ್ಲಿ ಶುರುವಾದ ರಾಷ್ಟ್ರೀಯ ಸಂಶೋಧನಾ ಯೋಜನೆಯೊಂದು ಅದಕ್ಕೆ ಬಲ ಕೊಟ್ಟಿತು.

ಮರವೆಂದರೆ ಮುಖ್ಯವಾಗಿ ಮೂರು ವಸ್ತು. ನಾರಾಗಿ ನಿಲ್ಲುವ ಸೆಲ್ಯುಲೋಸ್, ಅದರ ಸುತ್ತ ಹೆಣೆದುಕೊಳ್ಳುವ ಹೆಮಿಸೆಲ್ಯುಲೋಸ್, ಇವೆರಡನ್ನೂ ಬಿಗಿದು ಹಿಡಿಯುವ ಅಂಟಾದ ಲಿಗ್ನಿನ್. ಸುಗಿಯ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಈ ಅಂಟೇ. ಕಾಗದ ಮಾಡುವವರಿಗೆ ಬೇಕಿರುವುದು ನಾರು, ಅಂಟು ಬೇಡ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬಂದ ಕ್ರಾಫ್ಟ್ ವಿಧಾನದಲ್ಲಿ ಮರದ ಚಕ್ಕೆಯನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡಿನಲ್ಲಿ, ಭಾರೀ ಒತ್ತಡದ ಪಾತ್ರೆಯಲ್ಲಿ ಬೇಯಿಸುತ್ತಾರೆ. ಲಿಗ್ನಿನ್ ಕಪ್ಪು ದ್ರವವಾಗಿ ಹೊರಬರುತ್ತದೆ, ಅದನ್ನು ಕುದಿಸಿ ದಪ್ಪ ಮಾಡಿ ಸುಡುತ್ತಾರೆ. ಕಾಗದದ ಕಾರ್ಖಾನೆ ಇರುವ ಊರುಗಳಲ್ಲಿ ಮೈಲಿಗಟ್ಟಲೆ ದೂರಕ್ಕೆ ಬರುವ ಗಂಧಕದ ಘಾಟು ಈ ಅಡುಗೆಯದು. ಲಿಗ್ನಿನ್ನನ್ನು ಸುಡದೆ ಪ್ಲಾಸ್ಟಿಕ್ಕಿನ ಬದಲು ಬಳಸಬೇಕೆಂಬ ಆಸೆ ಹಳೆಯದು. ತೊಡಕೂ ಅಷ್ಟೇ ಹಳೆಯದು. ಮರದಿಂದ ಬಿಡಿಸುವ ಬಿಸಿಯಲ್ಲೇ ಅದು ಕೆಟ್ಟುಹೋಗುತ್ತದೆ. ಒಲೆಯ ಮೇಲೆ ಮರೆತ ಬೆಲ್ಲದ ಪಾಕದ ಹಾಗೆ ಒಂದು ಹದ ದಾಟಿತೆಂದರೆ ಗಟ್ಟಿಯಾಗಿ, ಮತ್ತೆ ಕರಗದ, ಯಾವ ಅಚ್ಚಿಗೂ ಬಗ್ಗದ ಮುದ್ದೆಯಾಗುತ್ತದೆ.

ಪ್ರಯೋಗಾಲಯದ ಮೇಜಿನ ಮುಂದೆ ನಿಲ್ಲಿ. ಒಂದು ಪಾತ್ರೆಯಲ್ಲಿ ಸುಗಿಯ ಪುಡಿ, ತಿಳಿ ಕಂದು. ಪಕ್ಕದ ಬಾಟಲಿಯಲ್ಲಿ ಬಣ್ಣವಿಲ್ಲದ, ತುಸು ಮಂದವಾದ ದ್ರವ. ಅದೇ ಪಾಲಿಎಥಿಲೀನ್ ಗ್ಲೈಕಾಲ್, ಚಿಕ್ಕದಾಗಿ ಪೆಗ್. ಮುಲಾಮಿನಲ್ಲಿ, ಮುಖಕ್ಕೆ ಹಚ್ಚುವ ಕ್ರೀಮಿನಲ್ಲಿ, ಮಾತ್ರೆಯಲ್ಲಿ, ಮಲಬದ್ಧತೆಯ ಔಷಧಿಯಲ್ಲಿ ಇರುವ ವಸ್ತುವೇ ಇದು. ಮೂಗಿನ ಹತ್ತಿರ ಹಿಡಿದರೂ ಘಾಟು ಇಲ್ಲ, ಆವಿಯಾಗುವುದು ಅತ್ಯಲ್ಪ, ಸುಲಭವಾಗಿ ಹೊತ್ತಿಕೊಳ್ಳುವುದೂ ಇಲ್ಲ. ಪುಡಿಗೆ ಐದು ಪಾಲು ಪೆಗ್ ಸುರಿಯುತ್ತಾರೆ. ಕ್ರಿಯಾವರ್ಧಕವಾಗಿ ಶೇ 0.3ರಷ್ಟು ಗಂಧಕಾಮ್ಲ ಬೀಳುತ್ತದೆ, ಅಷ್ಟೇ. ಕಲಕುತ್ತಾ ಬಿಸಿಯನ್ನು 140 ಡಿಗ್ರಿ ಸೆಲ್ಸಿಯಸ್‌ಗೆ ಏರಿಸುತ್ತಾರೆ.

ಮೊದಲು ಮರದಲ್ಲಿದ್ದ ತೇವ ಆವಿಯಾಗಿ ಹೋಗುತ್ತದೆ. ಆಮೇಲೆ ಬಣ್ಣ ಬದಲಾಗುವುದನ್ನು ಕಣ್ಣಾರೆ ಕಾಣಬಹುದು. ತಿಳಿ ಕಂದು ಕೆಂಗಂದಾಗಿ, ಕಡುಗಂದಾಗಿ, ಕೊನೆಗೆ ಹೆಚ್ಚುಕಡಿಮೆ ಕಪ್ಪಾಗುತ್ತದೆ. ಒಂದರಿಂದ ಒಂದೂವರೆ ಗಂಟೆ. ಈ ಹೊತ್ತಿನಲ್ಲಿ ಒಳಗೆ ನಡೆಯುವುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಇಡೀ ಜಾಣ್ಮೆ ಇರುವುದು ಅಲ್ಲೇ. ಆಮ್ಲ ಲಿಗ್ನಿನ್ ಸರಪಳಿಯ ಒಂದು ನಿರ್ದಿಷ್ಟ ಇಂಗಾಲದ ಮೇಲೆ ಕೆಲಸ ಮಾಡಿ ಅದನ್ನು ಧನಾವೇಶದ, ಏನನ್ನಾದರೂ ಹಿಡಿದುಕೊಳ್ಳಲು ಹವಣಿಸುವ ತುದಿಯಾಗಿಸುತ್ತದೆ. ಬೇರೆ ವಿಧಾನಗಳಲ್ಲಿ ಆ ತುದಿ ಹತ್ತಿರದ ಇನ್ನೊಂದು ಲಿಗ್ನಿನ್ ಉಂಗುರವನ್ನೇ ಹಿಡಿಯುತ್ತದೆ. ಹಾಗೆ ಹಿಡಿದದ್ದು ಬಿಡುವುದಿಲ್ಲ, ಮುದ್ದೆಯಾಗುವುದು ಹೀಗೆ. ಇಲ್ಲಿ ಸುತ್ತಲೂ ಪೆಗ್ ತುಂಬಿರುವುದರಿಂದ ಅದೇ ಮೊದಲು ಕೈಗೆ ಸಿಗುತ್ತದೆ. ಲಿಗ್ನಿನ್ನಿಗೆ ಪೆಗ್ಗಿನ ಮೆತ್ತನೆಯ ಬಾಲ ಅಂಟಿಕೊಳ್ಳುತ್ತದೆ, ಗಟ್ಟಿಯಾಗುವ ದಾರಿ ಮುಚ್ಚುತ್ತದೆ. ಕರಗಿಸಲು ಬಂದ ದ್ರವವೇ ಮರದ ಅಣುವಿನ ಭಾಗವಾಗಿ ಉಳಿದುಬಿಡುತ್ತದೆ. ಉದ್ದ ಬಾಲದ ಪೆಗ್ ಬಳಸಿದರೆ ಕೊನೆಯ ವಸ್ತು ಮೆದು, ಗಿಡ್ಡದ್ದು ಬಳಸಿದರೆ ಗಡಸು. ಯಾವುದಕ್ಕೆ ಯಾವ ಹದ ಬೇಕೋ ಅದನ್ನು ಮೊದಲೇ ಆರಿಸಿಕೊಳ್ಳಬಹುದು.

ಇದೇ ಪೆಗ್ಗಿಗೆ ಮರದೊಂದಿಗೆ ಇನ್ನೊಂದು ನಂಟಿದೆ. 1628ರಲ್ಲಿ ಸ್ಟಾಕ್‌ಹೋಮಿನಲ್ಲಿ ಮುಳುಗಿದ ವಾಸಾ ಎಂಬ ಹಡಗನ್ನು 1961ರಲ್ಲಿ ಮೇಲೆತ್ತಿದಾಗ, ನೀರು ಕುಡಿದ ಓಕ್ ಮರ ಒಣಗಿ ಬಿರಿಯದಂತೆ ವರ್ಷಗಟ್ಟಲೆ ಪೆಗ್ ಸಿಂಪಡಿಸಿ ಉಳಿಸಿಕೊಂಡರು. ಅಲ್ಲಿ ಮರವನ್ನು ಕಾಪಾಡಿದ ವಸ್ತು, ಇಲ್ಲಿ ಚಿಟಿಕೆ ಆಮ್ಲ ಮತ್ತು ಬಿಸಿ ಸೇರಿದಾಗ ಮರವನ್ನು ಬಿಡಿಸುತ್ತದೆ.

ಪಾತ್ರೆಗೆ ಮರಳೋಣ. ಬಿಸಿ ಇಳಿಸಿ ತೆಳುವಾದ ಕ್ಷಾರ ಸುರಿಯುತ್ತಾರೆ. ಲಿಗ್ನಿನ್ ಅದರಲ್ಲಿ ಕರಗಿ ಹೋಗುತ್ತದೆ, ಸೆಲ್ಯುಲೋಸಿನ ನಾರು ತಳದಲ್ಲಿ ಉಳಿಯುತ್ತದೆ. ಸೋಸಿದ ಕಪ್ಪು ದ್ರವಕ್ಕೆ ಆಮ್ಲ ಬೀಳುತ್ತಿದ್ದಂತೆ, ಇದ್ದಕ್ಕಿದ್ದಂತೆ ಇಡೀ ಪಾತ್ರೆ ಕೆಸರಾಗುತ್ತದೆ. ಆ ಕೆಸರನ್ನು ಬೇರ್ಪಡಿಸಿ, ತೊಳೆದು, ಒಣಗಿಸಿದರೆ ಅಂಗೈಯಲ್ಲಿ ನಯವಾದ ಕಂದು ಪುಡಿ. ಜಪಾನಿನಲ್ಲಿ ಇದಕ್ಕೆ ಕೈಶಿತ್ಸು ಲಿಗ್ನಿನ್ ಎನ್ನುತ್ತಾರೆ, ಸಂಶೋಧನಾ ಪತ್ರಿಕೆಗಳಲ್ಲಿ ಗ್ಲೈಕಾಲ್ ಲಿಗ್ನಿನ್. ಬಿಸಿ ತಟ್ಟಿಸಿದರೆ ಇದು ಕರಗಿ ಹರಿಯುತ್ತದೆ, ಅಚ್ಚಿಗೆ ಬಗ್ಗುತ್ತದೆ.

ಇದರಿಂದ ಏನೇನು ಮಾಡಿ ನೋಡಿದ್ದಾರೆ? ಜೇಡಿಮಣ್ಣಿನ ತೆಳು ಪದರಗಳೊಂದಿಗೆ ಬೆರೆಸಿ, ಬಿಸಿಗೆ ಜಗ್ಗದ ಹಾಳೆ ಮಾಡಿದ್ದಾರೆ. ಅದರ ಮೇಲೆ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಮೂಡಿಸಬಹುದು, ಹಾಳೆ ಬಾಗಿದರೂ ತೊಂದರೆಯಿಲ್ಲ. ಗಾಜಿನ ನಾರಿನೊಂದಿಗೆ ಸೇರಿಸಿ ಗಟ್ಟಿ ಫಲಕ ಎರಕ ಹೊಯ್ದಿದ್ದಾರೆ. ಮಿತ್ಸುಓಕಾ ಎಂಬ ಸಣ್ಣ ಕಾರು ತಯಾರಕ ಸಂಸ್ಥೆ ಅದರಿಂದ ಬಾನೆಟ್ಟು ಮತ್ತು ಒಳಗಿನ ಕೆಲವು ಭಾಗಗಳನ್ನು ಪ್ರಯೋಗಕ್ಕಾಗಿ ಮಾಡಿಸಿ ಕಾರಿಗೆ ಜೋಡಿಸಿತು. ಗುಡ್ಡದ ಮೇಲೆ ಬಿದ್ದಿದ್ದ ಡೊಂಕು ತುಂಡು ಕಾರಿನ ಮುಖವಾಗುವುದನ್ನು ಊಹಿಸಿಕೊಂಡರೇ ಖುಷಿಯಾಗುತ್ತದೆ.

ಸುಗಿಯನ್ನೇ ಹಿಡಿದದ್ದಕ್ಕೂ ಕಾರಣವಿದೆ. ಮಾವು, ತೇಗ, ನೀಲಗಿರಿಯಂಥ ಅಗಲ ಎಲೆಯ ಮರಗಳ ಲಿಗ್ನಿನ್ನಿನಲ್ಲಿ ಎರಡು ಬಗೆಯ ಉಂಗುರಗಳು ಬೇರೆಬೇರೆ ಪ್ರಮಾಣದಲ್ಲಿ ಬೆರೆತಿರುತ್ತವೆ. ಸೂಜಿಯೆಲೆಯ ಮರಗಳದ್ದು ಬಹುಮಟ್ಟಿಗೆ ಒಂದೇ ಬಗೆ. ಅದರಲ್ಲೂ ಜಪಾನಿನದೇ ಸ್ವಂತ ಮರವಾದ ಸುಗಿಯಲ್ಲಿ ಊರಿಂದೂರಿಗೆ ವ್ಯತ್ಯಾಸ ಬಲು ಕಡಿಮೆ. ಉತ್ತರದ ಗುಡ್ಡದಿಂದ ತಂದರೂ ಕ್ಯೂಶುವಿನಿಂದ ತಂದರೂ ಪುಡಿಯ ಗುಣ ಒಂದೇ. ಕೈಗಾರಿಕೆಗೆ ಇದಕ್ಕಿಂತ ದೊಡ್ಡ ವರ ಬೇಡ. ಬೇಸಾಯದಲ್ಲಾಗಲಿ ಕಾಡಿನಲ್ಲಾಗಲಿ ಒಂದೇ ತಳಿಯ ಮೇಲೆ ನಿಲ್ಲುವುದು ಒಳ್ಳೆಯದಲ್ಲವೆಂದು ನಂಬಿದವನು ನಾನು. ಆದರೂ ಆಗಿಹೋದ ಏಕತಳಿಯ ಕಾಡಿಗೆ ಇಂಥ ಒಂದು ಪ್ರಯೋಜನ ಸಿಕ್ಕಿದ್ದನ್ನು ಮನಸಾರೆ ಸ್ವಾಗತಿಸುತ್ತೇನೆ.

ಈ ಇಡೀ ಕೆಲಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಪಾತ್ರೆಯೊಳಗಿನ ಒತ್ತಡ. 140 ಡಿಗ್ರಿಯಲ್ಲೂ ಪೆಗ್ ಆವಿಯಾಗದ್ದರಿಂದ ಅಲ್ಲಿರುವುದು ನಾವು ಉಸಿರಾಡುವ ಗಾಳಿಯದೇ ಒತ್ತಡ. ದಪ್ಪ ಉಕ್ಕಿನ ಬಾಯ್ಲರು ಬೇಡ, ಸಿಡಿಯುವ ಭಯವಿಲ್ಲ, ವಿಷದ ಆವಿಯಿಲ್ಲ. ಹಾಗಾಗಿ ಕಾರ್ಖಾನೆ ಸಮುದ್ರತೀರದ ರಾಸಾಯನಿಕ ವಲಯದಲ್ಲೇ ಇರಬೇಕೆಂದಿಲ್ಲ, ಮರ ಕಡಿಯುವ ಗುಡ್ಡದ ಬುಡದಲ್ಲೇ ಸಣ್ಣದಾಗಿ ನಿಲ್ಲಬಹುದು. ಹಸಿ ಮರ ಹೊತ್ತು ನೂರಾರು ಕಿಲೋಮೀಟರ್ ಓಡುವ ಲಾರಿಯ ಬದಲು ಊರಿನಿಂದ ಹೊರಡುವುದು ಬೆಲೆಬಾಳುವ ಪುಡಿ. ದ್ರಾವಕವನ್ನು ಆರಿಸುವಾಗಲೇ ದುಡ್ಡು ಯಾವ ಊರಿನಲ್ಲಿ ಉಳಿಯಬೇಕೆಂಬುದೂ ತೀರ್ಮಾನವಾಗುತ್ತದೆ. ಹಸಿರು ರಸಾಯನಶಾಸ್ತ್ರದ ಮಾತು ಬಂದಾಗ ವಿಷ ಕಡಿಮೆ, ಕಸ ಕಡಿಮೆ ಎಂಬಷ್ಟಕ್ಕೇ ನಿಲ್ಲುತ್ತೇವೆ, ಊರಿನ ಪಾಲಿನ ಪ್ರಶ್ನೆ ಕೇಳುವುದೇ ಇಲ್ಲ. ಯಮಾದಾ ಅವರ ತಂಡ ಬೆಟ್ಟದ ಊರುಗಳನ್ನು ಮೊದಲಿನಿಂದಲೇ ಗಮನದಲ್ಲಿಟ್ಟುಕೊಂಡಿತ್ತು. 2019ರಲ್ಲಿ ಕಂಪನಿಗಳನ್ನೂ ಸಂಶೋಧಕರನ್ನೂ ಸೇರಿಸಿ ಒಂದು ಲಿಗ್ನಿನ್ ಜಾಲ ಕಟ್ಟಿದರು. 2021ರಲ್ಲಿ ಇಬರಾಕಿಯ ಉತ್ತರದ ಹಿತಾಚಿ ಓತಾದಲ್ಲಿ, ನಾವು ಬೆಳಿಗ್ಗೆ ನಿಂತಿದ್ದಂಥ ಗುಡ್ಡಗಳ ಸೀಮೆಯಲ್ಲೇ, ಪ್ರಾತ್ಯಕ್ಷಿಕೆಯ ಘಟಕ ಎದ್ದಿತು.

ಇಲ್ಲಿ ನಿಂತಾಗ ನನಗೆ ಭದ್ರಾವತಿ ನೆನಪಾಗದೆ ಇರುವುದಿಲ್ಲ. ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಆ ಊರಿನಲ್ಲಿ ವಿಶ್ವೇಶ್ವರಯ್ಯನವರ ಪಟ್ಟಿನಿಂದ ಕಬ್ಬಿಣದ ಕಾರ್ಖಾನೆ ಎದ್ದು 1923ರ ಜನವರಿಯಲ್ಲಿ ಕೆಲಸ ಶುರುಮಾಡಿದಾಗ, ಅದು ಕಬ್ಬಿಣದ ಕಾರ್ಖಾನೆ ಮಾತ್ರವಾಗಿರಲಿಲ್ಲ. ಹೆಸರಿನಲ್ಲೇ ಮರದ ಬಟ್ಟಿ ಇಳಿಸುವಿಕೆ ಸೇರಿತ್ತು. ಕಲ್ಲಿದ್ದಲಿಲ್ಲದ ಮೈಸೂರು ಸಂಸ್ಥಾನ ಮಲೆನಾಡಿನ ಗಟ್ಟಿ ಮರಗಳನ್ನು ಗಾಳಿಯಾಡದ ಕುಲುಮೆಯಲ್ಲಿ ಕಾಯಿಸಿ ಇದ್ದಿಲು ಮಾಡಿತು, ಮೇಲೆದ್ದ ಆವಿಯನ್ನೂ ಬಿಡದೆ ತಣಿಸಿ ಮಿಥೈಲ್ ಆಲ್ಕೊಹಾಲ್, ಕ್ಯಾಲ್ಸಿಯಂ ಅಸಿಟೇಟ್, ಡಾಂಬರು ತೆಗೆಯಿತು. ಮರದಿಂದ ರಾಸಾಯನಿಕ ಎಂಬ ಮಾತು ಕನ್ನಡ ನಾಡಿಗೆ ನೂರು ವರ್ಷ ಹಳೆಯದು. ಆ ದಾರಿಗೆ ದೊಡ್ಡ ಬಿಸಿ ಬೇಕಿತ್ತು, ಕಾಡೂ ಬಹಳ ಬೇಕಿತ್ತು, ಲಿಗ್ನಿನ್ ಒಡೆದು ಚೂರುಚೂರಾಗುತ್ತಿತ್ತು. ತ್ಸುಕುಬಾದ ಪಾತ್ರೆ ಅದೇ ಆಸೆಯನ್ನು ಕಡಿಮೆ ಉರಿಯಲ್ಲಿ, ಉಳಿಕೆಯ ಮರದಲ್ಲಿ ತೀರಿಸಲು ಹೊರಟಿದೆ.

ತೊಂದರೆಗಳನ್ನೂ ಹೇಳಬೇಕು. ಪೆಗ್ ಇಂದಿಗೂ ಬಹುಪಾಲು ಬರುವುದು ಪೆಟ್ರೋಲಿಯಂ ಮೂಲದ ಎಥಿಲೀನಿನಿಂದ. ಲಿಗ್ನಿನ್ನಿಗೆ ಅಂಟಿಕೊಳ್ಳದೆ ಉಳಿದ ಪೆಗ್ಗನ್ನು ನೀರಿನಿಂದ ಹಿಂಪಡೆದು ಮತ್ತೆ ಬಳಸದಿದ್ದರೆ ಲೆಕ್ಕ ಕೂಡುವುದಿಲ್ಲ, ಹಾಗೆ ಹಿಂಪಡೆಯಲು ಅಷ್ಟೂ ನೀರನ್ನು ಆವಿ ಮಾಡಬೇಕು, ಅದಕ್ಕೆ ಉರಿ ಬೇಕು. ಕ್ಷಾರವೂ ಆಮ್ಲವೂ ಸೇರಿದಲ್ಲಿ ಸೋಡಿಯಂ ಸಲ್ಫೇಟ್ ಉಪ್ಪು ಹುಟ್ಟುತ್ತದೆ, ಅದಕ್ಕೊಂದು ಜಾಗ ಹುಡುಕಬೇಕು. ಮರದ ಅರ್ಧದಷ್ಟಿರುವ ನಾರಿಗೂ ಗಿರಾಕಿ ಬೇಕು. ಹಿತಾಚಿ ಓತಾದ ಘಟಕ ಉತ್ತರ ಹುಡುಕಬೇಕಿರುವುದು ಈ ಬೇಸರದ ಪ್ರಶ್ನೆಗಳಿಗೆ, ಯಶಸ್ಸು ಸೋಲು ನಿಂತಿರುವುದೂ ಇವುಗಳ ಮೇಲೆಯೇ.

ಅದೇ ತ್ಸುಕುಬಾ ಸಂಸ್ಥೆಯ ಇನ್ನೊಂದು ಕೋಣೆಗೆ ಬಂದರೆ ಸುಗಿ ಪುಡಿಗೆ ಬೇರೆಯೇ ಗತಿ. ಇಲ್ಲಿ ದ್ರಾವಕ ಬರೀ ನೀರು, ಕ್ರಿಯಾವರ್ಧಕ ಕಿಣ್ವ. ಮರವನ್ನು ನೀರಿನೊಂದಿಗೆ ಸಣ್ಣ ಮಣಿಗಳ ಗಿರಣಿಯಲ್ಲಿ, ಕಣ ಒಂದು ಮೈಕ್ರೋಮೀಟರಿನಷ್ಟಾಗುವವರೆಗೆ ಅರೆಯುತ್ತಾರೆ. ಗಂಧಕಾಮ್ಲವಿಲ್ಲ, ಬೇಯಿಸುವುದಿಲ್ಲ. ಕಿಣ್ವ ಸೆಲ್ಯುಲೋಸನ್ನು ಸಕ್ಕರೆ ಮಾಡುತ್ತದೆ, ಯೀಸ್ಟ್ ಅದನ್ನು ಹುದುಗಿಸುತ್ತದೆ. 2018ರಲ್ಲಿ ಸಂಸ್ಥೆ ಪ್ರಕಟಿಸಿದಂತೆ ನಾಲ್ಕು ಕಿಲೋ ಸುಗಿಯಿಂದ 3.8 ಲೀಟರ್ ಪಾನೀಯ, ಅದರಲ್ಲಿ ಸುಮಾರು ಶೇ 15 ಆಲ್ಕೊಹಾಲ್. ಬಿಸಿ ಮಾಡದ್ದರಿಂದ ಮರದ ಪರಿಮಳ ಲೋಟದವರೆಗೂ ಬರುತ್ತದೆ. ಇನ್ನೊಂದೆಡೆ, ಕ್ಯೋಟೋ ಪ್ರಿಫೆಕ್ಚರಲ್ ವಿಶ್ವವಿದ್ಯಾಲಯದ ತಕಾಷಿ ಹೊಸೋಯಾ, ಹಿಸಾಷಿ ಮಿಯಾಫುಜಿ ಮತ್ತಿತರರು ಲಿಗ್ನಿನ್ನನ್ನು ಒಂದು ಅಮೋನಿಯಂ ಹೈಡ್ರಾಕ್ಸೈಡಿನ ಕರಗಿದ ಹೈಡ್ರೇಟಿನಲ್ಲಿ, ಗಾಳಿಯ ಆಮ್ಲಜನಕದಿಂದ ಒಡೆದು ವೆನಿಲಿನ್ ತೆಗೆದಿದ್ದಾರೆ, ಐಸ್‌ಕ್ರೀಮಿನ ಪರಿಮಳದ ಅದೇ ವೆನಿಲಿನ್.

ಕೊನೆಯ ನಿಲ್ದಾಣ ಉತ್ತರದ ಸಪ್ಪೊರೊ. ಹೊಕ್ಕೈಡೊ ವಿಶ್ವವಿದ್ಯಾಲಯದ ಅಂಗಳದಲ್ಲಿ ಮಾರ್ಚಿನಲ್ಲೂ ಹಿಮ ಕುಪ್ಪೆಯಾಗಿ ಬಿದ್ದಿರುತ್ತದೆ, ಬೂಟಿನಡಿ ಕರಕರ ಎನ್ನುತ್ತದೆ. ಇಲ್ಲಿನ ಕ್ರಿಯಾವರ್ಧಕಗಳ ಸಂಶೋಧನಾ ಕೇಂದ್ರದಲ್ಲಿ ಅತ್ಸುಷಿ ಫುಕುಓಕಾ ಅವರೊಂದಿಗೆ 2006ರಲ್ಲಿ ಸೆಲ್ಯುಲೋಸನ್ನು ಘನ ಲೋಹ ಕ್ರಿಯಾವರ್ಧಕದಿಂದ ನೇರವಾಗಿ ಸೋರ್ಬಿಟಾಲ್‌ನಂಥ ಸಕ್ಕರೆ ಆಲ್ಕೊಹಾಲಾಗಿ ಬದಲಿಸಿದ್ದು ಭಾರತದ ಪರೇಶ್ ಧೇಪೆ. ಅವರು ಮುಂದೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯಕ್ಕೆ ಬಂದು ಇದೇ ಕೆಲಸ ಮುಂದುವರಿಸಿದರು. ಗಿರಣಿಯ ಗಡಗಡ ಸದ್ದು ಕೇಳುತ್ತಾ ಒಳಗೆ ಬನ್ನಿ. ಉರುಳುವ ಗುಂಡುಗಳ ನಡುವೆ ಮರದ ಪುಡಿ ಮತ್ತು ಕರಿ ಪುಡಿ ಒಟ್ಟಿಗೆ ಅರೆಯಲ್ಪಡುತ್ತಿವೆ. ಕರಿ ಪುಡಿಯೇ ಕ್ರಿಯಾವರ್ಧಕ. ಅದನ್ನು ಮಾಡಿದ್ದು ನೀಲಗಿರಿ ಮರದಿಂದ, ಸುಮಾರು 300 ಡಿಗ್ರಿಯ ಗಾಳಿಯಲ್ಲಿ ಹದವಾಗಿ ಹುರಿದು. ಹುರಿದಾಗ ಇಂಗಾಲದ ಮೈಮೇಲೆ ಮೂಡುವ ದುರ್ಬಲ ಆಮ್ಲದ ಗುಂಪುಗಳು ಸೆಲ್ಯುಲೋಸಿನ ಸರಪಳಿಯನ್ನು ಕತ್ತರಿಸುತ್ತವೆ. ಹಿರೊಕಾಜು ಕೊಬಾಯಾಷಿ, ಅಭಿಜಿತ್ ಶ್ರೋತ್ರಿ, ಫುಕುಓಕಾ ಮತ್ತಿತರರು 2016ರಲ್ಲಿ ವರದಿ ಮಾಡಿದಂತೆ, ಬಿಸಿನೀರು ಮತ್ತು ಅತ್ಯಲ್ಪ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೀಲಗಿರಿಯ ಪುಡಿಯಿಂದ ಗ್ಲೂಕೋಸ್ ಶೇ 78, ಕ್ಸೈಲೋಸ್ ಶೇ 94 ಇಳುವರಿ ಬಂತು.

ಕ್ರಿಯೆ ಮುಗಿದು ಸೋಸುಬಟ್ಟಲಿನಲ್ಲಿ ಉಳಿಯುವುದು ಕರಿ ಕ್ರಿಯಾವರ್ಧಕ ಮತ್ತು ಕರಗದ ಲಿಗ್ನಿನ್ನಿನ ಮಿಶ್ರಣ. ಸಾಮಾನ್ಯವಾಗಿ ಇಲ್ಲೇ ಕೆಲಸ ಕೆಡುತ್ತದೆ, ಎರಡನ್ನು ಬೇರ್ಪಡಿಸುವುದು ದುಬಾರಿ. ಇವರು ಬೇರ್ಪಡಿಸಲೇ ಇಲ್ಲ. ಇಡೀ ಮಿಶ್ರಣವನ್ನು ಮತ್ತೆ ಗಾಳಿಯಲ್ಲಿ ಹುರಿದರು, ಲಿಗ್ನಿನ್ನೂ ಕ್ರಿಯಾವರ್ಧಕವಾಗಿ ಬದಲಾಯಿತು.

ನೀಲಗಿರಿ ಎಂದಾಗ ಕೋಲಾರ, ಚಿಕ್ಕಬಳ್ಳಾಪುರದ ಓದುಗರು ಕಿವಿ ನಿಮಿರಿಸಿರಬೇಕು. ಒಂದು ಕಾಲಕ್ಕೆ ಸರ್ಕಾರವೇ ಹೇಳಿ ನೆಡಿಸಿದ ಮರ, ಅಂತರ್ಜಲದ ಆತಂಕದಿಂದ 2017ರಲ್ಲಿ ಹೊಸದಾಗಿ ನೆಡುವುದನ್ನು ಕರ್ನಾಟಕ ಸರ್ಕಾರವೇ ನಿಷೇಧಿಸಿತು. ಸುಗಿಯ ಕಥೆಗೂ ಇದಕ್ಕೂ ದೂರವಿಲ್ಲ. ತ್ಸುಕುಬಾದ ಪಾಕವಿಧಾನವನ್ನು ನಮ್ಮಲ್ಲಿ ಹಾಗೇ ನಕಲು ಮಾಡಲಾಗದು, ನೀಲಗಿರಿಯ ಲಿಗ್ನಿನ್ ಬೇರೆ ಜಾತಿಯದು. ಸಪ್ಪೊರೊದ್ದು ಮಾತ್ರ ನೀಲಗಿರಿಯ ಮೇಲೆಯೇ ಪರೀಕ್ಷೆಯಾಗಿದೆ. ಕಡಿದ ತೋಪಿನ ರೆಂಬೆ, ತೊಗಟೆ, ಬೇರಿನ ಬೊಡ್ಡೆಗಳನ್ನು ಇಟ್ಟಿಗೆ ಗೂಡಿಗೆ ತುಂಬುವ ಮೊದಲು, ಒಂದು ಲಾರಿಯಷ್ಟನ್ನಾದರೂ ಬೆಂಗಳೂರಿನ ಯಾವುದಾದರೂ ಪ್ರಯೋಗಾಲಯದ ಗಿರಣಿಗೆ ಹಾಕಿ, ಇಳುವರಿ ಎಷ್ಟು, ವಿದ್ಯುತ್ ಎಷ್ಟು, ರೈತನಿಗೆ ಟನ್ನಿಗೆ ಎಷ್ಟು ಸಿಗುತ್ತದೆ ಎಂದು ಲೆಕ್ಕ ಹಾಕಿ ನೋಡಬೇಕು. ಬೇಕಾದ ವಿವರವೆಲ್ಲ ಪ್ರಕಟವಾಗಿದೆ, ಮರವೂ ಅಲ್ಲೇ ಬಿದ್ದಿದೆ.